ಮಂಡಿಗೆ ಒಂಬತ್ತು ತಿಂಗಳು, ಮನೆಗೆ ಎಷ್ಟು?

ಈ ಅಂಕಣಕ್ಕೆ ಬರುವ ಪತ್ರಗಳು ಸಾಮಾನ್ಯವಾಗಿ ಸೋರುವ ನಲ್ಲಿ, ಉಬ್ಬಿದ ಬಾಗಿಲು, ಒದ್ದೆ ಗೋಡೆಯ ಬಗ್ಗೆ ಇರುತ್ತವೆ. ಎರಡು ತಿಂಗಳ ಹಿಂದೆ ಯಾವುದೋ ಉತ್ತರದ ನಡುವೆ ಒಂದು ಸಾಲು ಬರೆದಿದ್ದೆ: ನಾನು ಗಾರೆ ಕೆಲಸಕ್ಕೆ ಬಂದದ್ದು ಟ್ರಿಪಲ್ ಜಂಪ್ ಪಿಟ್‌ನಿಂದ, ಅದೂ ಸ್ಟ್ರೆಚರ್ ಮೇಲೆ ಮಲಗಿಕೊಂಡು ಅಂತ. ಅದರ ಫಲ ಈಗ ಕಾಣುತ್ತಿದೆ. ಪೆಟ್ಟಾದ ಆಟಗಾರರ ಪತ್ರಗಳೇ ಒಂದು ಕಟ್ಟು ಆಗಿವೆ. ಆಟ ನಿಂತಿದೆ, ಕೈಯಲ್ಲೊಂದು ಹಳೇ ಮನೆಯಿದೆ, ರಿಪೇರಿ ಮಾಡಿ ಮಾರಿಬಿಡೋಣ ಅನ್ನುವವರು ಇಷ್ಟು ಜನ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಈ ಸಲದ ಪುಟ ಅವರಿಗೇ.

ಪ್ರ: ನನಗೆ 26 ವರ್ಷ. 400 ಮೀಟರ್ ಹರ್ಡಲ್ಸ್ ಓಡುತ್ತಿದ್ದೆ. ಎಡ ಮಂಡಿಯ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಅಂದರೆ ಗಟ್ಟಿ ನಾರಿನ ಕಟ್ಟು) ಹರಿದು ಆಪರೇಷನ್ ಆಯಿತು, ಇವತ್ತಿಗೆ 7 ವಾರ. ಅಜ್ಜ ಬಿಟ್ಟುಹೋದ ಹಳೇ ಮನೆಯೊಂದು ನನ್ನ ಪಾಲಿಗೆ ಬಂದಿದೆ. ಮೂರು ಕೋಣೆ, ಒಂದು ಬಚ್ಚಲು. ಅದನ್ನು ನಾನೇ ರಿಪೇರಿ ಮಾಡಿ ಮಾರಿದರೆ ಮುಂದಿನ ಎರಡು ವರ್ಷ ಯಾರ ಹತ್ತಿರವೂ ಕೈಚಾಚದೆ ತರಬೇತಿ ಮಾಡಬಹುದು. ಬಚ್ಚಲಿನ ಟೈಲ್ಸ್ ಕಿತ್ತು ಹೊಸದು ಹಾಕಬೇಕು, ಎರಡು ಗೋಡೆಗೆ ಪ್ಲಾಸ್ಟರ್ ಆಗಬೇಕು, ಪೂರ್ತಿ ಪೇಂಟ್ ಹೊಡೆಯಬೇಕು. ನೋವು ಬಹುತೇಕ ಹೋಗಿದೆ. ಮೂರು ತಿಂಗಳಲ್ಲಿ ಮುಗಿಸುವ ಯೋಚನೆ. ಎಲ್ಲಿಂದ ಶುರು ಮಾಡಲಿ, ಸರ್?

ಉ: ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಬಚ್ಚಲಲ್ಲ. ‘ನೋವು ಬಹುತೇಕ ಹೋಗಿದೆ’ ಅನ್ನುವ ಸಾಲು.

ಎಸಿಎಲ್ ಹರಿದಾಗ ಅದನ್ನೇ ಹೊಲಿದು ಸರಿಮಾಡುವುದು ಅಪರೂಪ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದಲೋ, ಮಂಡಿಚಿಪ್ಪಿನ ಕೆಳಗಿನಿಂದಲೋ ಮೇಲಿನಿಂದಲೋ ನಿಮ್ಮದೇ ಸ್ನಾಯುರಜ್ಜುವಿನ ಒಂದು ಪಟ್ಟಿ ತೆಗೆದು, ಮೂಳೆಯಲ್ಲಿ ತೂತು ಕೊರೆದು ಕೂರಿಸುತ್ತಾರೆ. ಹಾಗೆ ಕೂರಿಸಿದ ಪಟ್ಟಿಗೆ ಮೊದಮೊದಲು ರಕ್ತದ ಓಡಾಟವೇ ಇರುವುದಿಲ್ಲ. ಅದರ ಹಳೇ ಜೀವಕೋಶಗಳು ಸಾಯುತ್ತವೆ. ಹೊಸ ರಕ್ತನಾಳಗಳು ನಿಧಾನಕ್ಕೆ ಒಳಗೆ ಬರುತ್ತವೆ. ಆಮೇಲಷ್ಟೇ ಅದು ಲಿಗಮೆಂಟ್ ಆಗಲು ಹೊರಡುತ್ತದೆ. ಈ ಬದಲಾವಣೆಯ ನಡುವೆ, ಸುಮಾರು 6ನೇ ವಾರದಿಂದ 12ನೇ ವಾರದವರೆಗೆ, ಪಟ್ಟಿ ಕೂರಿಸಿದ ದಿನಕ್ಕಿಂತಲೂ ಬಲಹೀನವಾಗಿರುತ್ತದೆ. ಊತ ಇಳಿಯುವುದು, ನೋವು ಹೋಗುವುದು, ಊರುಗೋಲು ಮೂಲೆ ಸೇರುವುದು ಎಲ್ಲ ಅದೇ ಹೊತ್ತಿಗೆ. ನೀವು ಈಗ ಸರಿಯಾಗಿ ಅಲ್ಲಿದ್ದೀರಿ.

ನಾನೂ ಅಲ್ಲೇ ಇದ್ದೆ. ವಯಸ್ಸು 24, ಎಂಟನೇ ವಾರ. ಮನೆಯ ಹಿಂದಿನ ಗೋಡೆಗೆ ಹೊಸ ಪ್ಲಾಸ್ಟರ್ ಆಗಿತ್ತು, ನೀರು ಹಾಕಬೇಕಿತ್ತು. ಬಲಗೈಯಲ್ಲಿ ತುಂಬಿದ ಬಕೆಟ್. ಯಾರೋ ಹಿಂದಿನಿಂದ ಕರೆದರು, ತಿರುಗಿದೆ. ಮೈ ತಿರುಗಿತು, ಪಾದ ಮಾತ್ರ ಒದ್ದೆ ಮಣ್ಣಿನಲ್ಲಿ ಊರಿಕೊಂಡೇ ಇತ್ತು. ಪಿಟ್‌ನಲ್ಲಿ ಕೇಳಿಸಿದ್ದ ಅದೇ ಶಬ್ದ ಮತ್ತೆ ಕೇಳಿಸಿತು. ಎರಡನೇ ಆಪರೇಷನ್ ಆಯಿತು, ಜಂಪ್ ಅಲ್ಲಿಗೆ ಮುಗಿಯಿತು. ಬಕೆಟ್‌ನಲ್ಲಿದ್ದದ್ದು 15 ಲೀಟರ್ ನೀರು, ಅಂದರೆ 15 ಕಿಲೋ. ಅದರ ಆರರಷ್ಟು ಭಾರ ಹೆಗಲ ಮೇಲಿಟ್ಟು ಸ್ಕ್ವಾಟ್ ಮಾಡಿದವನು ನಾನು. ಕಾಲು ಕಳೆದದ್ದು ಭಾರ ಅಲ್ಲ, ತಿರುವು.

ಇದನ್ನು ಹೇಳಿದ್ದು ಹೆದರಿಸಲಿಕ್ಕಲ್ಲ. ಮನೆ ಕೆಲಸ ಪೂರ್ತಿ ಬಿಡಿ ಅಂತಲೂ ಹೇಳುವುದಿಲ್ಲ. ಆದರೆ ನಿಮ್ಮ ಮೂರು ತಿಂಗಳ ಪ್ಲ್ಯಾನ್ ಹರಿದು ಹಾಕಿ. ಆ ಮೂರು ತಿಂಗಳು ನೀವು ಮನೆಯನ್ನು ನೋಡಿ ಹಾಕಿದ ಲೆಕ್ಕ, ಮಂಡಿಯನ್ನು ಕೇಳಿ ಹಾಕಿದ್ದಲ್ಲ. ಎಸಿಎಲ್ ಆದವರು 9 ತಿಂಗಳಿಗೆ ಮೊದಲೇ ಆಟಕ್ಕೆ ಮರಳಿದರೆ ಮತ್ತೆ ಪೆಟ್ಟು ಮಾಡಿಕೊಳ್ಳುವುದು ಜಾಸ್ತಿ. 9 ತಿಂಗಳಾದರೂ ಎರಡು ತೊಡೆಗಳ ಬಲ ಹತ್ತಿರ ಹತ್ತಿರ ಸಮ ಬರುವವರೆಗೆ ಒಳ್ಳೆಯ ಫಿಸಿಯೋ ಬಿಡುವುದಿಲ್ಲ. ಹೇಗೂ ಅಷ್ಟು ದಿನ ನೀವು ಟ್ರ್ಯಾಕ್‌ಗೆ ಹೋಗುವಂತಿಲ್ಲ. ಮತ್ತೆ ಮನೆಗೇಕೆ ಮೂರೇ ತಿಂಗಳು? ಆಟಗಾರರಿಗೆ ಗಡುವು ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ, ಅದಕ್ಕೇ ಅಲ್ವಾ?

ಮೊದಲ ಕೆಲಸ: ಮುಂದಿನ ಸಲ ಫಿಸಿಯೋ ಹತ್ತಿರ ಹೋದಾಗ ‘ಮನೆ ಕೆಲಸ ಮಾಡಬಹುದಾ’ ಅಂತ ಕೇಳಬೇಡಿ. ಹಾಗೆ ಕೇಳಿದರೆ ಅವರು ಗುಡಿಸುವುದು ಒರೆಸುವುದು ಅಂದುಕೊಂಡು ಹ್ಞೂಂ ಅಂದುಬಿಡುತ್ತಾರೆ. ಮಾಡಿ ತೋರಿಸಿ. ಟೈಲ್ಸ್ ಹಾಕುವವರು ಕೂರುವ ಹಾಗೆ ಮಂಡಿಯೂರುವುದು, ಬಾಂಡ್ಲಿ ಎತ್ತಲು ಕುಕ್ಕರಗಾಲಿನಲ್ಲಿ ಕೂರುವುದು, ಏಣಿಯ ಮೇಲೆ ನಿಂತು ಪಕ್ಕಕ್ಕೆ ಚಾಚುವುದು. ಒಂದೊಂದಕ್ಕೂ ಯಾವ ವಾರದಿಂದ ಸರಿ ಅಂತ ಬರೆಸಿಕೊಳ್ಳಿ. ಪಟ್ಟಿ ತೆಗೆದದ್ದು ಮಂಡಿಚಿಪ್ಪಿನ ಕೆಳಗಿನಿಂದ ಆಗಿದ್ದರೆ ಮಂಡಿಯೂರುವುದು ತುಂಬಾ ದಿನ ಕಷ್ಟ. ಮೆನಿಸ್ಕಸ್‌ಗೂ, ಅಂದರೆ ಮಂಡಿಯ ಮೂಳೆಗಳ ನಡುವಿನ ಮೆತ್ತೆಗೂ, ಹೊಲಿಗೆ ಬಿದ್ದಿದ್ದರೆ ಆಳವಾಗಿ ಕುಕ್ಕರಿಸುವುದು ತಿಂಗಳುಗಟ್ಟಲೆ ಬೇಡ ಅನ್ನುತ್ತಾರೆ. ಇವೆರಡು ನಿಮಗೆ ಗೊತ್ತಿರಲೇಬೇಕು. ಗೊತ್ತಿಲ್ಲದಿದ್ದರೆ ಡಿಸ್ಚಾರ್ಜ್ ಚೀಟಿ ತೆಗೆದು ಓದಿ. ನಾನು ನನ್ನದನ್ನು ಓದಿದ್ದು ಎರಡನೇ ಆಪರೇಷನ್ ಆದ ಮೇಲೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿಮಗೆ ಕ್ಲಬ್ಬಿನ ಒಪ್ಪಂದವಿದ್ದರೆ, ಕೆಲಸದಿಂದ ರಜೆಯ ಸಂಬಳ ಅಥವಾ ವಿಮೆಯ ಹಣ ಬರುತ್ತಿದ್ದರೆ, ಅದರ ಕಾಗದ ಓದಿ. ಪೆಟ್ಟಾಗಿ ರಜೆಯಲ್ಲಿರುವವರು ಏಣಿ ಹತ್ತಿ ಪೇಂಟ್ ಹೊಡೆಯುವುದು ಕೆಲವರಿಗೆ ಬೇರೆಯೇ ಥರ ಕಾಣುತ್ತದೆ.

ಇನ್ನು ಮನೆಗೆ ಬರೋಣ.

ಮೊದಲ ಎರಡು ವಾರ ಏನನ್ನೂ ಒಡೆಯಬೇಡಿ. ಒಂದು ಕುರ್ಚಿ, ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಒಂದೊಂದು ಕೋಣೆಯಲ್ಲೂ ಅರ್ಧ ಗಂಟೆ ಸುಮ್ನೆ ಕೂತು ನೋಡಿ. ಕಾಲು ಇನ್ನೊಂದು ಕುರ್ಚಿಯ ಮೇಲಿರಲಿ, ಅದಕ್ಕೂ ಒಳ್ಳೆಯದು. ಪ್ಲಾಸ್ಟರ್ ಆಗಬೇಕು ಅಂದಿರಲ್ಲ, ಆ ಎರಡು ಗೋಡೆಗಳು ಯಾಕೆ ಉದುರುತ್ತಿವೆ ಅಂತ ಗೊತ್ತಾಗದೆ ಕರಣೆ ಮುಟ್ಟಬೇಡಿ. ಗೋಡೆ ಕೆಡುವುದು ಬಹುಪಾಲು ನೀರಿನಿಂದ. ನೀರು ಎಲ್ಲಿಂದ ಅನ್ನುವುದೇ ಪ್ರಶ್ನೆ.

ಅದಕ್ಕೆ ಸುಲಭದ ಪರೀಕ್ಷೆಯಿದೆ. ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಗೋಡೆ ಕಡೆಯ ಮುಖ ಬೆವರಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಕೋಣೆ ಕಡೆಯ ಮುಖ ಬೆವರಿದ್ದರೆ ಅದು ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಅರ್ಧ ಸರಿಹೋಗುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಪುಡಿ ಕಂಡರೆ ಅದು ಉಪ್ಪು. ಅದನ್ನು ನೀರು ಹಾಕಿ ತೊಳೆಯಬೇಡಿ, ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ ಹಾಕಿ. ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಎರಡು ತಿಂಗಳ ಮೇಲೆ ಬಿರುಕು ಗೆರೆ ದಾಟಿದೆಯೋ ಇಲ್ಲವೋ ನೋಡಿದರೆ ಗೊತ್ತಾಗುತ್ತದೆ. ಅವಸರದ ಮೇಸ್ತ್ರಿಗೆ ಈ ಎರಡು ತಿಂಗಳು ಸಿಗುವುದಿಲ್ಲ, ನಿಮಗೆ ಸಿಕ್ಕಿದೆ.

ಆಮೇಲೆ ನೀರು ಬರುವ ದಾರಿ ಮುಚ್ಚಿಸಿ. ತಾರಸಿ, ಪೈಪು, ಮಳೆನೀರು ಗೋಡೆಗೆ ಬಡಿಯುವ ಜಾಗ. ಅದಾದ ಮೇಲೆ ಪ್ಲಾಸ್ಟರ್. ಹೊಸ ಪ್ಲಾಸ್ಟರ್‌ಗೆ ಒಂದು ವಾರವಾದರೂ ನೀರು ಹಾಕಬೇಕು. ಬಕೆಟ್ ಬೇಡ, ಪೈಪು ಹಿಡಿಯಿರಿ! ಆಮೇಲೆ ಒಂದು ತಿಂಗಳು ಒಣಗಲು ಬಿಡಿ. ಮುಟ್ಟಿದರೆ ಎರಡೇ ದಿನಕ್ಕೆ ಗಟ್ಟಿ ಅನ್ನಿಸುತ್ತದೆ, ಆದರೆ ಸಿಮೆಂಟಿನ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಕಾಂಕ್ರೀಟಿನ ಬಲವನ್ನು ಲೆಕ್ಕಕ್ಕೆ ಹಿಡಿಯುವುದು 28ನೇ ದಿನಕ್ಕೆ. 7ನೇ ದಿನಕ್ಕೆ ಬಂದಿರುವುದು ಮೂರನೇ ಎರಡು ಭಾಗದ ಹತ್ತಿರ. ಒಣಗದ ಗೋಡೆಗೆ ಪೇಂಟ್ ಹೊಡೆದರೆ ಮನೆ ತೋರಿಸುವ ದಿನವೇ ಅದು ಗುಳ್ಳೆ ಏಳುತ್ತದೆ. ನನಗೆ ಆಗಿದೆ. ಕೊಳ್ಳಲು ಬಂದ ಹೆಂಗಸು ಬೆರಳಿನಿಂದ ಗುಳ್ಳೆ ಒತ್ತಿ ನನ್ನ ಮುಖ ನೋಡಿದರು. ಏನೂ ಮಾತಾಡಲಿಲ್ಲ, ಹೋದರು.

ಬಚ್ಚಲಿನ ನೆಲ ನಿಮ್ಮದಲ್ಲ. ಇದರಲ್ಲಿ ಚರ್ಚೆ ಬೇಡ. ಟೈಲ್ಸ್ ಕೀಳುವುದು, ಹಾಕುವುದು, ಸಂದಿಗೆ ಗ್ರೌಟ್ ತುಂಬುವುದು, ಮೂರೂ ಮಂಡಿಯ ಮೇಲಿನ ಕೆಲಸ. ಮಂಡಿ ಚೆನ್ನಾಗಿರುವ ಟೈಲ್ಸ್ ಕೆಲಸದವರಿಗೇ ಚಿಪ್ಪಿನ ಮುಂದಿನ ನೀರಿನ ಚೀಲ ಊದಿಕೊಂಡು ಮೊಟ್ಟೆಯಂತೆ ಎದ್ದು ನಿಲ್ಲುತ್ತದೆ. ಕೂಲಿ ಕೊಟ್ಟು ಮಾಡಿಸಿ. ಆದರೆ ಅಲ್ಲಿ ನಿಮಗೆ ಒಂದು ಕೆಲಸವಿದೆ, ಕಾವಲು. ಹಳೇ ಟೈಲ್ಸ್ ಹೋಗಿ ವಾಟರ್‌ಪ್ರೂಫಿಂಗ್ ಮುಗಿದು ಒಣಗಿದ ಮೇಲೆ, ಹೊಸ ಟೈಲ್ಸ್ ಹಾಕುವ ಮೊದಲು, ನೀರು ಹೋಗುವ ತೂತು ಮುಚ್ಚಿ ನೆಲದ ಮೇಲೆ ಒಂದೆರಡು ಇಂಚು ನೀರು ನಿಲ್ಲಿಸಬೇಕು. ಕಡಿಮೆ ಅಂದರೂ 24 ಗಂಟೆ. ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ. ಕೆಳಗೆ, ಪಕ್ಕದ ಗೋಡೆಯಲ್ಲಿ, ಎಲ್ಲಾದರೂ ತೇವ ಕಾಣುತ್ತಾ ನೋಡಿ. ‘ಒಂದು ದಿನ ಸುಮ್ನೆ ದಂಡ’ ಅಂತ ಕೆಲಸದವರು ಗೊಣಗುತ್ತಾರೆ. ನೀವು ಕುರ್ಚಿಯಲ್ಲಿ ಕೂತು ಕಾಲು ಮೇಲಿಟ್ಟುಕೊಂಡೇ ಇರಿ, ಏಳಬೇಡಿ. ಬಚ್ಚಲು ಸೋರಿದರೆ ಆ ಚಂದದ ಟೈಲ್ಸ್ ಎಲ್ಲ ಮತ್ತೆ ಒಡೆಯಬೇಕು.

ಹಾಗಾದರೆ ನಿಮ್ಮ ಕೈಗೆ ಏನು ಉಳಿಯಿತು? ಬಹಳ ಉಳಿದಿದೆ. ಕಪಾಟಿನ ಬಾಗಿಲುಗಳನ್ನು ಯಾರಿಂದಲಾದರೂ ಕಳಚಿಸಿ ಮೇಜಿನ ಮೇಲೆ ಮಲಗಿಸಿಕೊಳ್ಳಿ. ಉಜ್ಜುವುದು, ಪ್ರೈಮರ್, ಪೇಂಟ್, ಎಲ್ಲವೂ ಸೊಂಟದ ಎತ್ತರದಲ್ಲಿ ಕೂತೇ ಆಗುತ್ತದೆ. ನಿಂತ ಬಾಗಿಲಿಗಿಂತ ಮಲಗಿದ ಬಾಗಿಲಿಗೆ ಪೇಂಟ್ ಚೆನ್ನಾಗಿ ಕೂರುತ್ತದೆ, ಇಳಿಯುವುದಿಲ್ಲ. ಹಿಡಿಕೆ, ಚಿಲಕ, ಕೀಲು ಬಿಚ್ಚಿ ತುಕ್ಕು ತೆಗೆದು ಎಣ್ಣೆ ಬಿಡಿ. ಕೊಳ್ಳುವವರು ಮನೆಯಲ್ಲಿ ಮೊದಲು ಮುಟ್ಟುವುದೇ ಬಾಗಿಲಿನ ಹಿಡಿಕೆ. ಅದು ಅಲುಗಾಡಿದರೆ ಒಳಗಿನದೆಲ್ಲ ಅಲುಗಾಡುತ್ತೇನೋ ಅಂದುಕೊಳ್ಳುತ್ತಾರೆ. ಗೋಡೆಗಳಲ್ಲಿ ಸೊಂಟದಿಂದ ಹೆಗಲಿನವರೆಗಿನ ಭಾಗ ನಿಮ್ಮದು. ಮೇಲಿನದು, ಬುಡದ್ದು ಇನ್ನೊಬ್ಬರದು. ಆದರೆ ಒಂದೇ ದಿನ, ಒಂದರ ಹಿಂದೆ ಒಂದು ಹೊಡೆಯಿರಿ. ಮಧ್ಯದ ಪಟ್ಟಿ ಇವತ್ತು, ಉಳಿದದ್ದು ನಾಳೆ ಅಂದರೆ ಸೇರುವ ಕಡೆ ಗೆರೆ ಕಾಣುತ್ತದೆ. ಡಬ್ಬ ಎತ್ತಬೇಡಿ. 20 ಲೀಟರಿನ ಪೇಂಟ್ ಡಬ್ಬ 25 ಕಿಲೋಗಿಂತ ಭಾರ ಇರುತ್ತದೆ. ಸಣ್ಣ ಡಬ್ಬಕ್ಕೆ ಸುರಿಸಿಕೊಳ್ಳಿ.

ಕರೆಂಟಿನ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ. ಅರ್ಥಿಂಗ್ ಸರಿ ಇದೆಯಾ, 30 ಮಿಲಿಆಂಪಿಯರ್ ಸೋರಿಕೆಗೇ ಬಿದ್ದುಹೋಗುವ ಬ್ರೇಕರ್ ಇದೆಯಾ ಅಂತ ಮಾತ್ರ ನಿಂತು ಕೇಳಿ.

ಧೂಳಿನ ಬಗ್ಗೆ ನೀವು ಬರೆದೇ ಇಲ್ಲ. ಹರ್ಡಲರ್‌ಗೆ ಕಾಲು ಎಷ್ಟೋ ಶ್ವಾಸಕೋಶವೂ ಅಷ್ಟೇ. ಟೈಲ್ಸನ್ನು ಒಣಗಿದ ಹಾಗೇ ಕತ್ತರಿಸಿದರೆ ಏಳುವ ಸಿಲಿಕಾ ಧೂಳು ಒಳಗೆ ಹೋದರೆ ವಾಪಸ್ ಬರುವುದಿಲ್ಲ. ನೀರು ಬಿಟ್ಟು ಕತ್ತರಿಸಲು ಹೇಳಿ, ಎನ್95 ಮಾಸ್ಕ್ ಹಾಕಿ, ಆ ಹೊತ್ತು ಹೊರಗಿರಿ. ಅಜ್ಜನ ಕಾಲದ ಬಾಗಿಲಿನ ಎಣ್ಣೆ ಪೇಂಟಿನಲ್ಲಿ ಸೀಸ ಇರಬಹುದು. ಅದನ್ನು ಒಣಗಿದ ಹಾಗೆ ಉಜ್ಜಬೇಡಿ, ಒದ್ದೆ ಮಾಡಿ ಕೆರೆಯಿರಿ. ಮೊದಲೇ ಪರೀಕ್ಷೆ ಮಾಡಿಸಿದರೆ ಇನ್ನೂ ಒಳ್ಳೆಯದು. ಹಳೇ ಸಿಮೆಂಟ್ ಶೀಟಿನ ಚಾವಣಿ ಇದ್ದರೆ ಅದು ಆಸ್ಬೆಸ್ಟಾಸ್ ಆಗಿರಬಹುದು. ಅದಕ್ಕೆ ಗರಗಸ, ಡ್ರಿಲ್ ಯಾವುದೂ ಬೇಡ.

ಮಿತಿ ಮೀರಿದೆ ಅಂತ ತಿಳಿಯುವುದು ಹೇಗೆ? ನೋವನ್ನು ನಂಬಬೇಡಿ, ಟೇಪನ್ನು ನಂಬಿ. ದಿನಾ ಬೆಳಿಗ್ಗೆ ಎದ್ದ ಕೂಡಲೇ, ಮಂಡಿಚಿಪ್ಪಿನ ನಡುವಿಗೆ ಟೇಪ್ ಸುತ್ತಿ ಅಳೆಯಿರಿ. ಎರಡೂ ಕಾಲು. ಗೋಡೆಯ ಮೇಲೇ ಬರೆಯಿರಿ, ಹೇಗೂ ಪೇಂಟ್ ಆಗುವುದಿದೆ. ನಿನ್ನೆಗಿಂತ ಒಂದು ಸೆಂಟಿಮೀಟರ್ ಜಾಸ್ತಿ ಬಂದರೆ ನಿನ್ನೆಯ ಕೆಲಸ ಜಾಸ್ತಿಯಾಗಿದೆ. ಇವತ್ತು ಕುರ್ಚಿ, ಐಸ್, ಲೆಕ್ಕದ ಪುಸ್ತಕ. ಎರಡು ದಿನದಲ್ಲಿ ಇಳಿಯದಿದ್ದರೆ ಫಿಸಿಯೋಗೆ ಫೋನ್. ನೋವಿನ ಮಾತ್ರೆ ನುಂಗಿದ ದಿನ ಏಣಿಯ ಹತ್ತಿರವೂ ಸುಳಿಯಬೇಡಿ. ಮಂಡಿ ಏನು ಹೇಳುತ್ತಿದೆ ಅಂತ ಆ ದಿನ ನಿಮಗೆ ಕೇಳಿಸುವುದಿಲ್ಲ. ಮತ್ತೆ, ಫಿಸಿಯೋ ಕೊಟ್ಟ ವ್ಯಾಯಾಮ ಮನೆ ಕೆಲಸಕ್ಕಿಂತ ಮೊದಲು, ಬೆಳಿಗ್ಗೆ. ‘ಇಡೀ ದಿನ ಓಡಾಡಿದ್ದೀನಲ್ಲ, ಅದೇ ವ್ಯಾಯಾಮ’ ಅಂತ ನಾನು ಅಂದುಕೊಂಡಿದ್ದೆ. ತೊಡೆಯ ಮುಂದಿನ ಸ್ನಾಯು ಓಡಾಡಿದರೆ ಬರುವುದಿಲ್ಲ, ಅದಕ್ಕೇ ಅಂತ ದುಡಿದರೆ ಮಾತ್ರ ಬರುತ್ತದೆ.

ಕೊನೆಗೆ ಹಣ. ಮನೆ ಈಗ ಇರುವ ಹಾಗೇ ಮಾರಿದರೆ ಎಷ್ಟು ಸಿಗುತ್ತದೆ ಅಂತ ಇಬ್ಬರು ಮೂವರನ್ನು ವಿಚಾರಿಸಿ ಬರೆದಿಡಿ. ರಿಪೇರಿಯಾದ ಮೇಲೆ ಎಷ್ಟು ಅನ್ನುವುದನ್ನೂ, ಅದೇ ಬೀದಿಯಲ್ಲಿ ಈಚೆಗೆ ಮಾರಾಟವಾದ ಮನೆ ನೋಡಿ ಬರೆಯಿರಿ. ನಡುವಿನ ವ್ಯತ್ಯಾಸದಿಂದ ಸಾಮಾನು, ಕೂಲಿ, ಅಷ್ಟು ತಿಂಗಳ ತೆರಿಗೆ, ಕರೆಂಟು, ಸಾಲವಿದ್ದರೆ ಬಡ್ಡಿ, ಮಾರುವಾಗಿನ ಖರ್ಚು ಎಲ್ಲ ಕಳೆಯಿರಿ. ಆಮೇಲೆ ರಿಪೇರಿ ಖರ್ಚಿನ ಐದನೇ ಒಂದು ಭಾಗ ಇನ್ನೂ ಕಳೆಯಿರಿ. ಗೋಡೆ ಒಡೆದಾಗ ಒಳಗೆ ಏನೋ ಇದ್ದೇ ಇರುತ್ತದೆ, ನಾನು ಯಾವತ್ತೂ ಅಷ್ಟು ಪಕ್ಕಕ್ಕಿಡದೆ ಕೆಲಸ ಹಿಡಿಯುವುದಿಲ್ಲ. ಟೈಲ್ಸ್ ಕೆಲಸ, ಚಾವಣಿಯ ಪೇಂಟ್, ಭಾರ ಹೊರುವುದು ಎಲ್ಲಕ್ಕೂ ಕೂಲಿ ಸೇರಿಸಿಯೇ ಲೆಕ್ಕ ಹಾಕಿ. ‘ನಾನೇ ಮಾಡಿದರೆ ಉಳಿಯುತ್ತೆ’ ಅನ್ನುವ ಸಾಲು ಆ ಲೆಕ್ಕದಲ್ಲಿ ಬರಬಾರದು. ಇಷ್ಟಾದ ಮೇಲೂ ಕೈಯಲ್ಲಿ ಏನಾದರೂ ನಿಂತರೆ ಶುರು ಮಾಡಿ. ನಿಲ್ಲದಿದ್ದರೆ ಗುಡಿಸಿ, ತೊಳೆದು, ಸೋರಿಕೆ ನಿಲ್ಲಿಸಿ, ಹಾಗೇ ಮಾರಿ. ಅದು ಸೋಲಲ್ಲ. ಮೊದಲ ಪ್ರಯತ್ನವೇ ಫೌಲ್ ಆಗುವ ಹಾಗಿದ್ದರೆ ರನ್‌ಅಪ್ ಅರ್ಧಕ್ಕೇ ನಿಲ್ಲಿಸುವುದನ್ನು ನಮ್ಮ ಕೋಚ್ ಎಲ್ಲಕ್ಕಿಂತ ಮೊದಲು ಕಲಿಸಿದ್ದರು.

ಪ್ರ: ಇದು ನನ್ನ ಅಣ್ಣನ ವಿಷಯ. ಅವನು ವೇಗದ ಬೌಲರ್. ಬೆನ್ನುಮೂಳೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ (ಪದೇ ಪದೇ ಒತ್ತಡ ಬಿದ್ದು ಬರುವ ಬಿರುಕು) ಆಗಿ ನಾಲ್ಕು ತಿಂಗಳಿಂದ ಆಟ ಇಲ್ಲ. ಮಾರಲು ಇಟ್ಟ ಮನೆಯ ರಿಪೇರಿ ಅವನೇ ಹಿಡಿದಿದ್ದಾನೆ. ರಾತ್ರಿ ಹನ್ನೆರಡಾದರೂ ಬರುವುದಿಲ್ಲ. ಒಂದೇ ಗೋಡೆಗೆ ಮೂರು ಸಲ ಪೇಂಟ್ ಹೊಡೆದಿದ್ದಾನೆ. ಮಾತಾಡಿಸಿದರೆ ಸಿಡುಕುತ್ತಾನೆ. ಕೆಲಸ ಬಿಡಿಸುವುದು ಹೇಗೆ?

ಉ: ತಂಗೀ, ಆ ಗೋಡೆ ನನಗೆ ಗೊತ್ತು. ನಾನೂ ಒಂದನ್ನು ಹಾಗೆ ಹೊಡೆದಿದ್ದೇನೆ. ಅದು ಪೇಂಟಿನ ಕೆಲಸ ಅಲ್ಲಮ್ಮ. ದಿನಾ ಬೆವರು ಹರಿಸಿ ಅಭ್ಯಾಸವಾದ ಮೈ ಬೆವರಿಲ್ಲದೆ ಮನೆಗೆ ಬರಲು ನಾಚುತ್ತದೆ.

ಹಾಗಾಗಿ ಬ್ರಷ್ ಕಸಿದುಕೊಳ್ಳಬೇಡಿ. ಅವನಿಗಿರುವುದು ಈಗ ಅದೊಂದೇ. ಬದಲಿಗೆ ಮನೆಗೊಂದು ಕೊನೆ ಕೊಡಿ. ಮಾರಾಟಕ್ಕೆ ತೋರಿಸುವ ದಿನ ಇಂಥದ್ದು ಅಂತ ಮನೆಯವರೆಲ್ಲ ಸೇರಿ ಗುರುತು ಹಾಕಿ. ಉಳಿದ ಕೆಲಸದ ಪಟ್ಟಿ ಅವನ ಕೈಯಿಂದಲೇ ಬರೆಸಿ. ಮುಗಿದದ್ದರ ಮುಂದೆ ಗೆರೆ ಹೊಡೆದರೆ ಅದನ್ನು ಮತ್ತೆ ಮುಟ್ಟುವಂತಿಲ್ಲ. ಆಟಗಾರರು ಮಾತು ಕೇಳುವುದಿಲ್ಲ, ನಿಯಮ ಕೇಳುತ್ತಾರೆ.

ಬೆನ್ನಿಗೆ ಮಾತ್ರ ಒಂದು ಎಚ್ಚರಿಕೆ. ವೇಗದ ಬೌಲರ್‌ಗಳ ಬೆನ್ನು ಬಿರಿಯುವುದು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಗುವುದರಿಂದ. ಚಾವಣಿಗೆ ಪೇಂಟ್ ಹೊಡೆಯುವವರ ಮೈ ನೋಡಿ. ಕತ್ತು ಹಿಂದೆ, ಸೊಂಟ ಹಿಂದೆ, ಕೈ ಪಕ್ಕಕ್ಕೆ. ಹತ್ತಿರ ಹತ್ತಿರ ಅದೇ ಭಂಗಿ, ನಿಧಾನಕ್ಕೆ, ಗಂಟೆಗಟ್ಟಲೆ. ಚಾವಣಿಯನ್ನು ಇವತ್ತೇ ಬೇರೆಯವರಿಗೆ ಕೊಡಿಸಿ.

ಕ್ರಿಕೆಟ್ ಮನೆಯವರಿಗೆ ಆಸ್ಟ್ರೇಲಿಯಾದ ವೇಗದ ಬೌಲರ್ ಡೆನ್ನಿಸ್ ಲಿಲ್ಲಿ ಹೆಸರು ಗೊತ್ತಿರಬೇಕು. 1973ರಲ್ಲಿ ಅವರ ಬೆನ್ನುಮೂಳೆಯಲ್ಲಿ ಇದೇ ಥರದ ಬಿರುಕುಗಳಾಗಿದ್ದವು. ಮುಗಿಯಿತು ಅಂದವರೇ ಜಾಸ್ತಿ. ಹಂತ ಹಂತವಾಗಿ ಮೈ ಮತ್ತೆ ಕಟ್ಟಿಕೊಂಡು ಬಂದು ಇಂಗ್ಲೆಂಡ್ ವಿರುದ್ಧದ 1974-75ರ ಆ್ಯಷಸ್ ಸರಣಿಯಲ್ಲಿ 25 ವಿಕೆಟ್ ತೆಗೆದರು. ನಿವೃತ್ತಿಯಾಗುವಾಗ ಟೆಸ್ಟ್‌ನಲ್ಲಿ 355 ವಿಕೆಟ್. ಇದನ್ನು ನೀವು ಹೇಳಿದರೆ ಅವನು ಸಿಡುಕುತ್ತಾನೆ. ಅವನ ಜೊತೆ ಆಡಿದ ಯಾರಾದರೂ ಒಬ್ಬರನ್ನು ಕರೆದು, ಪೇಂಟ್ ಹೊಡೆಯುವಾಗ ಪಕ್ಕದಲ್ಲಿ ನಿಲ್ಲಿಸಿ. ಏನನ್ನೂ ವಿಚಾರಿಸದೆ ಸುಮ್ನೆ ಒಂದು ಬ್ರಷ್ ಹಿಡಿದು ನಿಂತರೆ ಸಾಕು. ನನ್ನ ಮಾತು ಬಿಡಿಸಿದ್ದು ಹಾಗೆ ಬಂದ ಒಬ್ಬ ಲಾಂಗ್ ಜಂಪರ್. ಅವನು ಹೊಡೆದ ಗೋಡೆ ಪೂರ್ತಿ ಹಾಳಾಗಿತ್ತು, ಅದು ಬೇರೆ ವಿಷಯ.

ಅಣ್ಣ ಊಟ, ನಿದ್ದೆ ಬಿಟ್ಟಿದ್ದರೆ, ಬದುಕಿ ಏನು ಪ್ರಯೋಜನ ಅನ್ನುವಂಥ ಮಾತು ಒಂದು ಸಲ ಬಂದರೂ, ಕಾಯಬೇಡಿ. ಅವತ್ತೇ ಮಾನಸಿಕ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಒಬ್ಬನನ್ನೇ ಬಿಡಬೇಡಿ.

ಪ್ರ: ಬ್ಯಾಡ್ಮಿಂಟನ್ ಆಡಿ ಬಲ ಹೆಗಲು ಕೆಟ್ಟಿದೆ. ಗೋಡೆಯ ಪೇಂಟ್ ಮಾಡಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ರೋಲರ್ ಒಳ್ಳೆಯದೋ ಬ್ರಷ್ಷೋ?

ಉ: ರೋಲರ್. ಅದಕ್ಕೆ ಉದ್ದ ಕೋಲು ಸಿಕ್ಕಿಸಿ, ಎರಡೂ ಕೈಯಲ್ಲಿ ಹಿಡಿಯಿರಿ. ಮೊಣಕೈ ಹೆಗಲಿಗಿಂತ ಮೇಲೆ ಹೋಗಬಾರದು. ಮೇಲಿನ ಗೋಡೆ ಬೇಕಾದರೆ ಕೋಲು ಉದ್ದ ಮಾಡಿ, ಕೈ ಉದ್ದ ಮಾಡಬೇಡಿ. ರೋಲರ್‌ಗೆ ಪೇಂಟ್ ಕಡಿಮೆ ತುಂಬಿಸಿ, ಅದರ ಭಾರವೂ ಹೆಗಲಿಗೇ. ಮೂಲೆ, ಕಿಟಕಿಯ ಅಂಚು ಎಡಗೈಯಲ್ಲಿ ಕಲಿಯಿರಿ. ಎರಡು ದಿನ ಸೊಟ್ಟ ಬರುತ್ತದೆ, ಮೂರನೇ ದಿನ ಬರುವುದಿಲ್ಲ. ಚಾವಣಿ ಬೇರೆಯವರದು. ಅದನ್ನು ಗೋಡೆಗಿಂತ ಮೊದಲೇ ಮಾಡಿಸಿ, ಇಲ್ಲದಿದ್ದರೆ ಅದರ ಹನಿ ನಿಮ್ಮ ಹೊಸ ಗೋಡೆಯ ಮೇಲೆ.

ಪ್ರ: ಮಾರುವ ಮನೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಇದೆ. ನನ್ನ ಕಾಲಿಗೆ ಪೆಟ್ಟಾಗಿದೆ, ದೊಡ್ಡ ಕೆಲಸ ಮಾಡಿಸಲು ಆಗುವುದಿಲ್ಲ. ಪುಟ್ಟಿ ತುಂಬಿ ಪೇಂಟ್ ಹೊಡೆದರೆ ಕಾಣುವುದಿಲ್ಲ. ಕೊಳ್ಳುವವರಿಗೆ ಹೇಳಲೇಬೇಕಾ?

ಉ: ಹೇಳಲೇಬೇಕು. ಕೂದಲೆಳೆಯಷ್ಟು ಸಣ್ಣ ಬಿರುಕು ಪ್ಲಾಸ್ಟರ್ ಒಣಗಿದಾಗ ಬಂದದ್ದಿರಬಹುದು, ಅದಕ್ಕೆ ಪುಟ್ಟಿ ಸರಿ. ಓರೆ ಬಿರುಕು, ಇಟ್ಟಿಗೆಯ ಸಾಲು ಹಿಡಿದು ಮೆಟ್ಟಿಲಿನಂತೆ ಇಳಿದ ಬಿರುಕು, ಒಂದು ತುದಿಯಲ್ಲಿ ಅಗಲವಾದ ಬಿರುಕು, ಇವು ಅಡಿಪಾಯ ಕೂತದ್ದರಿಂದ ಬಂದಿರಬಹುದು. 5 ಮಿಲಿಮೀಟರ್‌ಗಿಂತ ಅಗಲವಿದ್ದರೆ, ಅಥವಾ ಬೆಳೆಯುತ್ತಲೇ ಇದ್ದರೆ, ಎಂಜಿನಿಯರ್ ನೋಡಲೇಬೇಕು. ನೋಡಿಸಿ, ಬರೆದುಕೊಟ್ಟದ್ದನ್ನು ಕೊಳ್ಳುವವರ ಕೈಗೆ ಕೊಡಿ, ಬೆಲೆಯಲ್ಲಿ ಅಷ್ಟು ಬಿಡಿ. ದೊಡ್ಡ ಕೆಲಸ ನೀವು ಮಾಡಿಸಬೇಕಾಗಿಯೇ ಇಲ್ಲ.

ಪುಟ್ಟಿ ಹಾಕಿ ಮುಚ್ಚಿದ ಬಿರುಕು ಬೆಳೆಯುತ್ತಿದ್ದರೆ ಮತ್ತೆ ಬಾಯಿ ಬಿಡುತ್ತದೆ. ಆಗ ಮನೆ ಅವರದು, ಜಗಳ ನಿಮ್ಮದು. ಆಟಗಾರರಾಗಿ ನಿಮಗೆ ಇದು ಹೊಸದಲ್ಲ ಅಲ್ವಾ? ಟೇಪ್ ಸುತ್ತಿಕೊಂಡು ಕೋಚ್‌ಗೆ ಹೇಳದೆ ಮೈದಾನಕ್ಕೆ ಇಳಿದವರು ನಾವೆಲ್ಲ.

ಪ್ರ: ಮಂಡಿಗೆ ಪೆಟ್ಟಾಗಿ ನನ್ನ ಆಟ ನಿಂತಿದೆ. ಮನೆ ತೋರಿಸುವಾಗ ಗೋಡೆಯ ಮೇಲೆ ನನ್ನ ಪದಕಗಳು ಇರಲಾ? ಅದು ಆಟಗಾರ್ತಿಯ ಮನೆ ಅಂತ ಗೊತ್ತಾದರೆ ಬೆಲೆ ಬರುತ್ತದೆ ಅನ್ನುತ್ತಾರೆ ನಮ್ಮಪ್ಪ.

ಉ: ಅಪ್ಪನಿಗೆ ಹೆಮ್ಮೆ, ಅದು ಸರಿ. ಆದರೆ ಇಳಿಸಿಬಿಡಿ. ಬಂದವರು ಪದಕದ ಮುಂದೆ ಇಪ್ಪತ್ತು ನಿಮಿಷ ನಿಂತು ನಿಮ್ಮ ಕಾಲಿನ ಕಥೆ ಕೇಳುತ್ತಾರೆ, ಬೆಳಕು ಚೆನ್ನಾಗಿ ಬರುವ ಅಡುಗೆಮನೆ ನೋಡಲು ಮರೆಯುತ್ತಾರೆ. ‘ಪಾಪ, ಆಟ ನಿಂತಿದೆ, ಹಣದ ಅವಸರ ಇರಬೇಕು’ ಅನ್ನಿಸಿದರೆ ಬೆಲೆ ಇಳಿಯುವುದೇ ಹೊರತು ಏರುವುದಿಲ್ಲ. ನೀವು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರಿ. ಮೆಟ್ಟಿಲು ಹತ್ತಿಳಿದು ತೋರಿಸುವುದನ್ನು ಅಪ್ಪನಿಗೆ ಬಿಡಿ. ಮೆಟ್ಟಿಲು ಇಳಿಯುವಾಗ ಮಂಡಿಯ ಮೇಲೆ ಮೈಭಾರದ ಸುಮಾರು ಮೂರರಷ್ಟು ಬೀಳುತ್ತದೆ. ದಿನಕ್ಕೆ ನಾಲ್ಕು ಜನ ಬಂದರೆ ನೀವೇ ಲೆಕ್ಕ ಹಾಕಿ.

ಪದಕ ಇಳಿಸಿದ ಮೇಲೆ ಮೊಳೆಯ ತೂತುಗಳಿಗೆ ಪುಟ್ಟಿ ತುಂಬಲು ಮರೆಯಬೇಡಿ. ಒಣಗಿದ ಮೇಲೆ ಉಜ್ಜಿ, ಆ ಗೋಡೆಗೆ ಪೂರ್ತಿ ಒಂದು ಕೋಟು ಹೊಡೆಯಿರಿ. ತೂತಿದ್ದ ಕಡೆ ಮಾತ್ರ ಹೊಡೆದರೆ ಪದಕಗಳ ಜಾಗ ಒಂದೊಂದೂ ಎದ್ದು ಕಾಣುತ್ತದೆ.